ಆಲ್ಬಮ್ಮಿಗೆ ಬಾರದವರು

ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಶಿವರಂಜಿನಿಯಷ್ಟು ಹಟಮಾರಿ ಹೆಂಗಸು ಇನ್ನೊಬ್ಬಳಿಲ್ಲ. ಎದುರು ಮನೆಯವಳು ನಾನೇ ಹೇಳುತ್ತಿದ್ದೇನೆ. ಮಾವ ದೊಡ್ಡಮಾದಯ್ಯ ತೀರಿಕೊಂಡಾಗ ಅವರ ಫೋಟೊ ಸ್ಟುಡಿಯೊ ಮುಚ್ಚಿತೆಂದೇ ಅಂದುಕೊಂಡಿದ್ದೆವು. ಗಂಡ ಮಾದೇಶನಿಗೆ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಕೆಲಸ. ಇವಳೇ ಮನೆಯ ಮುಂದಿನ ಕೋಣೆಯಲ್ಲಿ ಸ್ಟುಡಿಯೊ ಇಟ್ಟುಕೊಂಡು, ಸುತ್ತಲ ಹಳ್ಳಿಗಳ ಮದುವೆಗೆಲ್ಲ ಕ್ಯಾಮೆರಾ ನೇತುಹಾಕಿಕೊಂಡು ಹೊರಟಳು.

ಆ ಕೋಣೆಯ ಮೂಲೆಯಲ್ಲಿ ದೊಡ್ಡದೊಂದು ಹಳೇ ಕಂಪ್ಯೂಟರ್ ಪೆಟ್ಟಿಗೆ. ಒಳಗೆ ನಾಲ್ಕು ಹಾರ್ಡ್ ಡಿಸ್ಕು. ಮಾವನ ಕಾಲದಿಂದ ತೆಗೆದ ಫೋಟೊಗಳೆಲ್ಲ ಅವುಗಳಲ್ಲಿವೆ. ಮದುವೆ ಮನೆಯವರು ಫೋನಿನಲ್ಲೇ ಈ ಪೆಟ್ಟಿಗೆಯ ಫೋಟೊಗಳನ್ನು ತೆರೆದು, ಆಲ್ಬಮ್ಮಿಗೆ ಬೇಕಾದ್ದನ್ನು ಗುರುತು ಮಾಡುತ್ತಾರೆ. ಹೊಲಕ್ಕೆ ಹೋದವರು ಉಂಡಾದ ಮೇಲೆ ನೋಡುತ್ತಾರೆ, ಈರುಳ್ಳಿ ಲಾರಿಯ ಹುಡುಗರು ರಾತ್ರಿ ಮುಚ್ಚಿದ ಕಾಡಿನ ಗೇಟು ಬೆಳಿಗ್ಗೆ ತೆರೆಯಲೆಂದು ಕಾಯುತ್ತಾ ತಮ್ಮದೇ ಮದುವೆ ನೋಡುತ್ತಾರೆ. ಹಾಗಾಗಿ ಅದನ್ನು ಯಾವ ಹೊತ್ತಿನಲ್ಲೂ ಆಫ್ ಮಾಡುವಂತಿಲ್ಲ.

ಅತ್ತೆ ದೊಡ್ಡಮಾದಮ್ಮನಿಗೆ ಆ ಪೆಟ್ಟಿಗೆ ಕಂಡರೆ ಮೈ ಉರಿ. ಸರ್ಕಾರದ ಉಚಿತ ಕರೆಂಟಿನಿಂದ ಬೀದಿಯವರಿಗೆಲ್ಲ ಬಿಲ್ಲು ಸೊನ್ನೆ ಬಂದರೆ ಇವರ ಮನೆಗೆ ಮಾತ್ರ ಕಟ್ಟುವ ಬಿಲ್ಲು.

"ಊರ್ಗೆ ಉಪ್ಕಾರಿ, ಮನೆಗೆ ಮಾರಿ ಕಣಮ್ಮಿ ಇದು. ಮುಂದ್ಲ ಬಿಲ್ಲು ಸೊನ್ನೆ ಬರ್ನಿಲ್ಲ ಅಂದ್ರೆ ನಾನೇ ವೈರು ಕಿತ್ತಾಕ್ಬುಡ್ತೀನಿ" ಅಂದರು. ಅಂದಮೇಲೆ ಮಾಡುವವರೇ ಅವರು.

ಶಿವರಂಜಿನಿ ಪ್ಲಗ್ಗಿಗೆ ಸಿಗಿಸಿ ಕರೆಂಟು ಅಳೆಯುವ ಮೀಟರೊಂದನ್ನು ತರಿಸಿದಳು. ಯಾರೂ ಏನೂ ಕೇಳದೆ ಸುಮ್ಮನಿದ್ದಾಗಲೂ ಪೆಟ್ಟಿಗೆ ಸೀಲಿಂಗ್ ಫ್ಯಾನಿಗಿಂತ ಹೆಚ್ಚು ಕುಡಿಯುತ್ತಿತ್ತು. ಸರಿ, ಅಂಗೈಯಗಲದ ಕಂಪ್ಯೂಟರ್ ಬೋರ್ಡೊಂದನ್ನು ತಂದಳು. ಅದು ಕುಡಿಯುವುದೇನೋ ಕಡಿಮೆ, ಆದರೆ ಹಳೇ ಡಿಸ್ಕುಗಳನ್ನು ತಿರುಗಿಸುವ ಕಸುವು ಅದಕ್ಕಿಲ್ಲ. ಟಿಕ್ ಟಿಕ್ ಅಂದು ನಿಂತೇಬಿಡುತ್ತಿದ್ದವು. ಮೇಕೆಗೆ ನೇಗಿಲು ಕಟ್ಟಿದ ಹಾಗಾಯಿತು.

ಕೊನೆಗೆ ಚಾಮರಾಜನಗರಕ್ಕೆ ಹೋಗಿ, ಪ್ರದೀಪನ ಅಂಗಡಿಯಲ್ಲಿ ಟಿಫನ್ ಡಬ್ಬಿಯಷ್ಟೇ ಇರುವ ಸೆಕೆಂಡ್ ಹ್ಯಾಂಡ್ ಆಫೀಸು ಕಂಪ್ಯೂಟರ್ ಹಿಡಿದಳು. ಲ್ಯಾಪ್‌ಟಾಪಿನ ಭಾಗಗಳೇ ಇರುವುದರಿಂದ ಕರೆಂಟು ತೀರಾ ಕಮ್ಮಿ. ಒಂದೇ ತೊಡಕು: ಒಳಗೆ ಒಂದೇ ಡಿಸ್ಕಿಗೆ ಜಾಗ, ಇದ್ದ ಡಿಸ್ಕು ಸಣ್ಣದು. "ಆಲ್ಬಮ್ಮಿಗೆ ಹೋದವಷ್ಟೇ ಇಟ್ಕೊಳ್ಳಿ ಅಕ್ಕಾ, ಮಿಕ್ಕಿದ್ದು ಅಳ್ಸಿ. ಹಳೇ ಡಿಸ್ಕು ನಾನು ಬದ್ಲಿಗೆ ತಕ್ಕೊತೀನಿ" ಅಂದ ಪ್ರದೀಪ. ಇವಳು ಒಪ್ಪಿ ಬಂದಳು.

ಮಿಕ್ಕವು ಅಂದರೆ ಯಾವುವು? ಸಾರಿನ ಬಕೆಟ್ ಹಿಡಿದವರು, ಎಲೆ ಎತ್ತುವವರು, ಚಪ್ಪರದ ಕಂಬಕ್ಕೆ ಒರಗಿ ನಿಂತವರು. ಮದುವೆ ಮನೆಯವರು ಅವರನ್ನೇಕೆ ಆಲ್ಬಮ್ಮಿಗೆ ಹಾಕಿಸುತ್ತಾರೆ? ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ ಅಂತ ನಾನು ಗೊಣಗಿದೆ. ಯಾರು ಕೇಳಬೇಕು!

ಅವಳು ಅಳಿಸಲು ಕೂತ ದಿನವೇ ಪುಟ್ಟಮಾದು ಬಂದ. ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗ, ಮುಂದಿನ ವಾರ ಅವನ ಮದುವೆ. ಮದುವೆಗೆ ಮುಂಚೆ ತೀರಿಹೋದ ಹಿರಿಯರ ಫೋಟೊ ಇಟ್ಟು ಎಡೆ ಹಾಕಬೇಕು. ಅವನ ತಾಯಿ ದೊಡ್ಡಮಲ್ಲಮ್ಮ ಸತ್ತಾಗ ಅವನಿಗೆ ಮೂರೂ ತುಂಬಿರಲಿಲ್ಲ.

"ಅಕ್ಕಾ, ನಮ್ಮವ್ವುಂದು ಒಂದು ಫೋಟನೂ ಇಲ್ಲ. ಮೊಕ ಎಂಗಿತ್ತು ಅಂತ್ಲೇ ಗೊತ್ತಿಲ್ಲ. ಎಲ್ಲಾದ್ರೂ ಸಿಕ್ಕದಾ?"

ಶಿವರಂಜಿನಿಗೂ ಆ ಮುಖ ಗೊತ್ತಿಲ್ಲ. ಅವಳು ಈ ಮನೆಗೆ ಬಂದದ್ದೇ ಆಮೇಲೆ. ಬೆಳ್ಳುಳ್ಳಿ ಸುಲಿಯುತ್ತಿದ್ದ ದೊಡ್ಡಮಾದಮ್ಮ ಮೊರ ಪಕ್ಕಕ್ಕಿಟ್ಟರು. "ಮಲ್ಲಿ ನನ್ ಜೊತೆಗೇ ಮದ್ವೆ ಅಡ್ಗೆ ಕೆಲ್ಸುಕ್ಕೆ ಬರೋಳು ಕಣ್ಲಾ. ಅಮ್ಮಿ, ನಿಮ್ಮಾವ ಕಂಪ್ಯೂಟರ್ ಕ್ಯಾಮ್ರಾ ತಂದ್ನಲ್ಲ, ಆ ವರ್ಸುದ್ದು ತಗಿ."

ಪೆಟ್ಟಿಗೆಯ ಮುಂದೆ ಎಂದೂ ಕೂರದವರು ಅಂದು ಸಂಜೆಯವರೆಗೂ ಕೂತರು. ಒಂದು ಊಟದ ಪಂಕ್ತಿ ಬಂತು. ಹಿಂದೆ ಬಕೆಟ್ ಹಿಡಿದ ಹುಡುಗಿಯೊಬ್ಬಳು ಸೆರಗು ಸಿಗಿಸಿಕೊಂಡು, ನೇರ ಕ್ಯಾಮೆರಾ ನೋಡಿ ನಗುತ್ತಿದ್ದಳು. ದೊಡ್ಡಮಾದಮ್ಮ ಪರದೆಯ ಮೇಲೆ ಬೆರಳಿಟ್ಟರು. ಪುಟ್ಟಮಾದು ಗೋಡೆಗೆ ಮುಖ ತಿರುಗಿಸಿ ಅತ್ತುಬಿಟ್ಟ.

"ಒಂದ್ನೂ ಅಳುಸ್ಕೂಡ್ದು ಕಣಮ್ಮಿ" ಅಂದರು ದೊಡ್ಡಮಾದಮ್ಮ. "ಆ ಸಣ್ ಡಬ್ಬಿಗೇ ದೊಡ್ ಡಿಸ್ಕು ಆಕ್ಸು, ಓಗು."

ಶಿವರಂಜಿನಿ ಮಾರನೆಯ ದಿನವೇ ಹೋಗಿ, ತಿರುಗುವ ಭಾಗವೇ ಇಲ್ಲದ ದೊಡ್ಡ ಡಿಸ್ಕು ಹಾಕಿಸಿಕೊಂಡು ಬಂದಳು. ಎಲ್ಲ ಫೋಟೊಗಳೂ ಅದರಲ್ಲಿ ಹಿಡಿದವು. ಹಳೆಯ ನಾಲ್ಕನ್ನು ಪ್ರದೀಪನಿಗೆ ಕೊಡದೆ, ಇನ್ನೊಂದು ಪ್ರತಿ ಇರಲೆಂದು ಬೀರುವಿನಲ್ಲಿಟ್ಟಳು. ಬಿಲ್ಲು ಬರಲು ಇನ್ನೂ ದಿನವಿದೆ. ಮೀಟರು ಮಾತ್ರ ಈಗ ಒಂದು ಬಲ್ಬಿನಷ್ಟೇ ತೋರಿಸುತ್ತಿದೆ.

ಎಡೆಯ ದಿನ ನಾವೆಲ್ಲ ಪುಟ್ಟಮಾದುವಿನ ಮನೆಗೆ ಹೋದೆವು. ಎಲೆಯ ಮುಂದೆ ಕಟ್ಟು ಹಾಕಿಸಿದ ಫೋಟೊ. ಅವನು ಒಬ್ಬಟ್ಟು ಬಡಿಸಲು ಬಗ್ಗಿದವನು ಹಾಗೇ ನಿಂತ.

"ದೊಡ್ಡವ್ವಾ, ನಮ್ಮವ್ವ ನನ್ಗಿಂತ ಚಿಕ್ಕೋಳು ಕಣವ್ವಾ."

"ಊ ಕಣ್ಲಾ, ಚಿಕ್ ಉಡ್ಗಿ" ಅಂದರು ದೊಡ್ಡಮಾದಮ್ಮ. "ತಿನ್ನೋ ವಯಸ್ಸು. ಇನ್ನೊಂದು ಮಡುಗು."