ನಮ್ಮೂರ ಗೇಟಿಗೆ ಬಾರದ ಕಟ್ಟೆ

ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ನಮ್ಮೂರ ಕೋಳಿಗಳೂ ನಗುತ್ತವೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಎರಡು ವರ್ಷದವಳಿದ್ದಾಗ ಬಂದ ಪೋಲಿಯೋ ನನ್ನ ಎಡಗಾಲನ್ನು ಒಣಗಿಸಿತು. ನನಗೆ ಬಂಗಾರಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಕ್ಯಾಸಂಬಳ್ಳಿ ಕಡೆಯಿಂದ ಬರುವ ಬಸ್ಸನ್ನು ದಿನಾ ನಮ್ಮೂರ ಗೇಟಿನಲ್ಲಿ ಹತ್ತುತ್ತೇನೆ. ಗೇಟು ಎಂದರೆ ಗೇಟೇನೂ ಇಲ್ಲ; ಊರಿನ ದಾರಿ ಟಾರು ರಸ್ತೆಗೆ ಸೇರುವ ಜಾಗ, ಒಂದು ಹೊಂಗೆ ಮರ, ಅಷ್ಟೇ. ಬಸ್ಸಿನ ಮೊದಲ ಮೆಟ್ಟಿಲು ನನ್ನ ಮಂಡಿಗಿಂತ ಮೇಲೆ. ಬಲಗೈಯಲ್ಲಿ ಕಂಬಿ ಹಿಡಿದು, ಬಲಗಾಲು ಮೇಲಿಟ್ಟು, ಸೊಂಟ ಎತ್ತಿ ಒಗೆದು, ಎಡಗಾಲನ್ನು ಎಡಗೈಯಿಂದಲೇ ಒಳಗೆ ಎಳೆದುಕೊಳ್ಳಬೇಕು. "ಯಾರ್ ಕೈಲೂ ಅಯ್ಯೋ ಅನ್ನಿಸ್ಕೋಬೇಡ ಕಣೇ" ಎಂದು ಹೇಳಿ ಹೇಳಿಯೇ ಅಮ್ಮ ಇದನ್ನು ಕಲಿಸಿದ್ದಳು. ಕಂಡಕ್ಟರು ಕೈ ಚಾಚಿದರೆ ನಾನು ಸಿಡುಕುತ್ತಿದ್ದೆ.

ಎದುರು ಮನೆಯ ಸೊಸೆ ಚಿನ್ನದ ಗಣಿ ಕೂಲಿಕಾರರ ನಂದಿದುರ್ಗದ ಲೈನು ಮನೆಯಲ್ಲಿ ಹುಟ್ಟಿದವಳು. ಹಾಲಿನ ಕ್ಯಾನು ಕಟ್ಟಿದ್ದ ಗಂಡನ ಬೈಕಿನಿಂದ ಬಿದ್ದು ಅವಳ ಒಂದು ಕಾಲು ಮಂಡಿಯ ಕೆಳಗೆ ಹೋಯಿತು. ಊರುಗೋಲು ಹಿಡಿದು ಎರಡು ವರ್ಷವಾಗಿತ್ತು. ಗಂಡ ಕೂಲಿ ಬಿಟ್ಟು ಬಂದು ಎತ್ತಿ ಕೂರಿಸಿದರೆ ಮಾತ್ರ ಅವಳಿಗೆ ಬಸ್ಸು. ಒಂಟಿಯಾಗಿ ಬಸ್ಸು ಹತ್ತಿ ಅಮ್ಮನ ಮನೆಗೆ ಹೋಗಿಬರಬೇಕು ಎನ್ನುವುದೊಂದೇ ಅವಳ ಆಸೆ.

ಬಸ್ಸು ಹತ್ತಲು ಕಷ್ಟಪಡುವವರ ಮಾತು ಕೇಳಲು ಸಾರಿಗೆ ಸಂಸ್ಥೆಯವರು ಜನರದೇ ಒಂದು ಸಲಹಾ ಸಮಿತಿ ಮಾಡುತ್ತಾರೆ ಎಂಬ ನೋಟೀಸು ನಮ್ಮ ಅಂಗಡಿಗೆ ಜೆರಾಕ್ಸಿಗೆ ಬಂತು. ನಾನು ಅರ್ಜಿ ಹಾಕಿದೆ. ಪಾಪ, ಇರಲಿ ಎಂದು ಅವಳ ಅರ್ಜಿಯನ್ನೂ ನಾನೇ ಬರೆದುಕೊಟ್ಟೆ. ತಿಂಗಳು ಕಳೆದು ಸದಸ್ಯರ ಪಟ್ಟಿ ಬಂದಾಗ ಅದರ ಹತ್ತು ಪ್ರತಿ ತೆಗೆದವಳೂ ನಾನೇ. ಹತ್ತರಲ್ಲೂ ಅವಳ ಹೆಸರು.

ಮೈಯೆಲ್ಲ ಉರಿದುಹೋಯಿತು. ಅಲ್ಲಾ ಸ್ವಾಮಿ, ಕುಂಟುವುದರಲ್ಲಿ ನನ್ನದು ನಲವತ್ತು ವರ್ಷದ ಸರ್ವೀಸು! ನಿನ್ನೆ ಮೊನ್ನೆ ಕಾಲು ಕಳೆದುಕೊಂಡವಳು ಮೆಂಬರು, ನಾನು ಜೆರಾಕ್ಸ್ ತೆಗೆಯುವವಳು. ಮೀಟಿಂಗು ಮುಗಿಸಿ ಬಂದವಳು ಜಗಲಿಯಲ್ಲಿ ಕೂತು, "ಮೇಡಂ ಅಂತಾರಕ್ಕಾ ನನ್ನ! ಟೀ ಬಿಸ್ಕತ್ತು ಕೊಟ್ರು" ಎಂದು ಹೇಳುವಾಗ ನಾನು ಸೊಪ್ಪು ಬಿಡಿಸುತ್ತಾ ದಂಟನ್ನೂ ಎಲೆಯನ್ನೂ ಒಂದೇ ಪಾತ್ರೆಗೆ ಹಾಕುತ್ತಿದ್ದೆ.

ಬಸ್ಸಿನ ಮೆಟ್ಟಿಲಿಗೆ ಕಾಲು ಎಟಕುವಂತೆ ಎತ್ತರದ ಕಟ್ಟೆಯೊಂದನ್ನು ಕಟ್ಟುವುದೆಂದು ಸಮಿತಿ ತೀರ್ಮಾನಿಸಿತು. ಸಿಕ್ಕಿದ್ದು ಒಂದೇ ಕಟ್ಟೆ. ನಮ್ಮೂರ ಗೇಟಿಗೋ, ಮುಂದಿನ ಗೇಟಿಗೋ ಎಂಬುದನ್ನು ಬಂದು ನೋಡಿ ಹೇಳುತ್ತಾರಂತೆ. ಹಿಂದಿನ ದಿನ ಅವಳು ನಮ್ಮ ಮನೆಗೆ ಬಂದಳು. "ಅಕ್ಕಾ, ನಾಳೆ ನೀನೂ ಬಾ. ನಂದು ಒಸಾ ಕಷ್ಟ, ಅಭ್ಯಾಸ ಆದ್ರೆ ಸರಿ ಓಗ್ತದೆ ಅಂತಾರೆ. ನೀನು ಅಷ್ಟು ವರ್ಷದಿಂದ ಎಂಗೆ ಒದ್ದಾಡ್ತೀಯ, ಒಂದ್ ಕಿತ ಅತ್ತಿ ತೋರ್ಸು" ಎಂದಳು.

ಮರುದಿನ ಸಮಿತಿಯ ಸಾಹೇಬರ ಜೊತೆ ಐದಾರು ಜನ ಟೇಪು ಹಿಡಿದು ಬಂದರು. ಅವಳಿಗೊಂದು ಕುರ್ಚಿ, ಕೊರಳಿಗೆ ಬ್ಯಾಡ್ಜು. ನಾನು ಹೊಂಗೆ ಮರಕ್ಕೆ ಒರಗಿ ನಿಂತಿದ್ದೆ. ಬಸ್ಸು ಬಂತು. ಮೊದಲು ಅವಳು ಪ್ರಯತ್ನಿಸಿದಳು. ಊರುಗೋಲು ಜಾರಿತು, ರಸ್ತೆಯ ಮೇಲೆ ಕುಕ್ಕರಿಸಿದಳು. ಎಲ್ಲರೂ ಅಯ್ಯೋ ಅಯ್ಯೋ ಎಂದು ಎತ್ತಿದರು, ಸಾಹೇಬರು ಬರೆದುಕೊಂಡರು. "ಈಗ ನಮ್ಮಕ್ಕನ್ನ ನೋಡಿ ಸಾರ್" ಎಂದಳು ಅವಳು, ಸೀರೆಯ ಧೂಳು ಕೊಡವುತ್ತಾ.

ಹಾಳಾದ ಹೊಟ್ಟೆಕಿಚ್ಚು! ಇವಳ ಕೈಲಾಗದ್ದು ನನ್ನ ಕೈಲಾಗುತ್ತದೆ, ಎಲ್ಲರೂ ನೋಡಲಿ ಅನ್ನಿಸಿತು. ಕಂಬಿ ಹಿಡಿದೆ, ಹಲ್ಲು ಕಚ್ಚಿ ಸೊಂಟ ಒಗೆದೆ, ಒಂದೇ ಏಟಿಗೆ ಒಳಗಿದ್ದೆ. ಕಾಲೇಜು ಹುಡುಗಿಯರು ಚಪ್ಪಾಳೆ ತಟ್ಟಿದರು. "ಶಭಾಷ್ ಅಮ್ಮಾ!" ಎಂದರು ಸಾಹೇಬರು. ಅದನ್ನೂ ಬರೆದುಕೊಂಡರು. ಭುಜ ಕಿತ್ತುಹೋಗುವಷ್ಟು ನೋಯುತ್ತಿತ್ತು, ಆದರೂ ಕಿಟಕಿಯಿಂದ ಅವಳ ಕಡೆ ನೋಡಿ ನಕ್ಕೆ. ಅವಳು ನಗಲಿಲ್ಲ.

ಮೂರು ವಾರದ ಮೇಲೆ ಸಮಿತಿಯ ನಡಾವಳಿ ಅಂಗಡಿಗೆ ಬಂತು. "ಸದರಿ ಗೇಟಿನಲ್ಲಿ ಹಿರಿಯ ವಿಕಲಚೇತನ ಮಹಿಳೆಯೊಬ್ಬರು ಯಾರ ಸಹಾಯವೂ ಇಲ್ಲದೆ ಸರಾಗವಾಗಿ ಬಸ್ ಹತ್ತಿದ್ದು, ಕಟ್ಟೆಯ ಅಗತ್ಯ ಕಂಡುಬಂದಿಲ್ಲ." ಹತ್ತು ಪ್ರತಿ ಕೇಳಿದ್ದರು. ತೆಗೆದುಕೊಟ್ಟೆ.

ಸಂಜೆ ಅವಳ ಮನೆಗೆ ಹೋಗಿ ನಾನೇ ಹೇಳಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಎತ್ತಿ ಆಡಿ ಹಗುರಾಗುತ್ತಿದ್ದೆ. ಅವಳು ಹುರುಳಿಕಾಯಿ ಮುರಿಯುತ್ತಲೇ, "ನಂಗೆ ಇನ್ನು ಆಗಲ್ಲ ಅಕ್ಕಾ" ಎಂದಳು. "ಮೀಟಿಂಗ್‌ಗೆ ಓಗ್ಬೇಕಂದ್ರೂ ಬಸ್ಸೇ ಅತ್ಬೇಕಲ್ಲ. ಇವರು ಎಷ್ಟ್ ದಿನ ಕೂಲಿ ಬಿಡ್ತಾರೆ? ನೀನಾದ್ರೆ ಒಬ್ಳೇ ಅತ್ತಿ ಓಗ್ತೀಯ. ನನ್ ಬದ್ಲು ನಿನ್ ಎಸ್ರು ಬರ್ಕೊಳಕ್ಕೆ ಏಳ್ತೀನಿ." ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನನಗೆ ಗೊತ್ತಾಗುತ್ತಿತ್ತು, ನಾನು ಅದರಲ್ಲಿ ಪಳಗಿದವಳು.

ಈಗ ಪಟ್ಟಿಯಲ್ಲಿ ನನ್ನ ಹೆಸರಿದೆ. ಟೀ, ಬಿಸ್ಕತ್ತು, ಮೇಡಂ, ಎಲ್ಲವೂ ಇದೆ. ಪ್ರತಿ ಮೀಟಿಂಗಿನಲ್ಲಿ ನಮ್ಮ ಗೇಟಿನ ಮಾತು ಎತ್ತುತ್ತೇನೆ. "ನೀವೇ ಹತ್ತಿ ತೋರಿಸಿದ್ರಲ್ಲಮ್ಮಾ" ಎಂದು ಸಾಹೇಬರು ನಗುತ್ತಾರೆ. ಮುಂದಿನ ಗೇಟಿನ ಕಟ್ಟೆಯಿಂದ ಮುದುಕಿಯರು ಸಲೀಸಾಗಿ ಬಸ್ಸಿನೊಳಗೆ ಬರುವುದನ್ನು ಕಂಡರೆ ನನಗೆ ಅವರ ಮೇಲೂ ಹೊಟ್ಟೆಕಿಚ್ಚು.

ಮೀಟಿಂಗಿನ ದಿನ ಎದುರು ಮನೆಯ ಬಾಗಿಲಲ್ಲಿ ಅವಳು ಕೂತಿರುತ್ತಾಳೆ. "ಕಟ್ಟೆ ಕೇಳಕ್ಕಾ" ಎನ್ನುತ್ತಾಳೆ. ಕೇಳುತ್ತೇನೆ ಎಂದು ಹೇಳಿ ಗೇಟಿಗೆ ಬರುತ್ತೇನೆ. ಆವತ್ತು ನೊಂದ ಭುಜ ಸರಿಹೋಗಲೇ ಇಲ್ಲ. ಕಂಡಕ್ಟರು ಕೈ ಚಾಚಿದರೆ ಈಗ ಹಿಡಿಯುತ್ತೇನೆ, ನರಳುತ್ತಾ ಹತ್ತುತ್ತೇನೆ. ಬರೆದುಕೊಳ್ಳಲು ಅಲ್ಲಿ ಯಾರೂ ಇರುವುದಿಲ್ಲ.