ಹುಲ್ಲಣ್ಣನ ಮೂರು ಕಚ್ಚಿನ ಕೋಲು

ಕ್ಲಬ್ಬಿನ ಹಿಂಭಾಗದಲ್ಲಿ ಐದು ಟೆನಿಸ್ ಅಂಕಣಗಳಿದ್ದವು. ನಾಲ್ಕು ಸಿಮೆಂಟಿನವು, ಒಂದು ಹುಲ್ಲಿನದು. ಆ ಒಂದನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಂಡು ಬಂದವನು ಹುಲ್ಲಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಹುಲ್ಲಣ್ಣನದು ಕಡಿಮೆ ಮಾತು. ಬೆಳಿಗ್ಗೆ ಬಂದವನೇ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಅಂಕಣದ ಮೇಲೆ ಒಂದು ಸುತ್ತು ನಡೆಯುತ್ತಿದ್ದ. ಎಲ್ಲಿ ನೆಲ ಮೆತ್ತಗಾಗಿದೆ, ಎಲ್ಲಿ ಬೇರು ಒಣಗಿದೆ ಎಂಬುದು ಅವನ ಅಂಗಾಲಿಗೇ ತಿಳಿಯುತ್ತಿತ್ತು. ಆಮೇಲೆ ಹುಲ್ಲು ಕತ್ತರಿಸುವ ಗಾಡಿ, ಆಮೇಲೆ ರೋಲರ್, ಕೊನೆಗೆ ಬಿಳಿ ಗೆರೆ. ಅವನು ಒಂದು ದಿನವೂ ರ‍್ಯಾಕೆಟ್ ಹಿಡಿದವನಲ್ಲ. ಆದರೆ ವರ್ಷಕ್ಕೆ ಒಂದು ಭಾನುವಾರ ಅಲ್ಲಿ ಅವನದೇ ದರ್ಬಾರು.

ಟಿವಿಯಲ್ಲಿ ವಿದೇಶದ ಹುಲ್ಲಿನಂಕಣದ ಪಂದ್ಯಗಳು ಶುರುವಾಗುವುದಕ್ಕೆ ಮುಂಚಿನ ಭಾನುವಾರ ಅದು. ಟೆನಿಸ್ ಹುಚ್ಚಿನವರೆಲ್ಲ ಬೆಳಿಗ್ಗೆ ಹತ್ತಕ್ಕೆ ಅಂಕಣದ ಸುತ್ತ ಸೇರುತ್ತಿದ್ದರು. ಹುಲ್ಲಣ್ಣ ಶೆಡ್ಡಿನಿಂದ ತನ್ನ ಕೋಲು ತರುತ್ತಿದ್ದ. ಆಳೆತ್ತರದ ಕೋಲು. ಅದರಲ್ಲಿ ಚಾಕುವಿನಿಂದ ಕೆತ್ತಿದ ಮೂರು ಕಚ್ಚು: ಮಂಡಿಯ ಎತ್ತರಕ್ಕೆ ಒಂದು, ತೊಡೆಯ ಎತ್ತರಕ್ಕೆ ಒಂದು, ಸೊಂಟದ ಎತ್ತರಕ್ಕೆ ಒಂದು. ಕೋಲನ್ನು ನೆಲಕ್ಕೆ ಊರಿ, ಅದರ ತುದಿಯಿಂದ ಹೊಸ ಚೆಂಡನ್ನು ಕೈಬಿಡುವುದು. ಪುಟಿದು ಎಲ್ಲಿಯವರೆಗೆ ಬರುತ್ತದೆ ನೋಡುವುದು. ಮಂಡಿಗೆ ಬಂದರೆ ಆ ವರ್ಷ ಚೆಂಡನ್ನು ಸವರಿ ಆಡುವವರದ್ದು. ತೊಡೆಗೆ ಬಂದರೆ ಎಲ್ಲವನ್ನೂ ವಾಪಸ್ ಕಳಿಸುವವರದ್ದು. ಸೊಂಟಕ್ಕೆ ಬಂದರೆ ಎತ್ತರದಿಂದ ಬಾರಿಸುವವರದ್ದು.

"ನಮ್ಮ ಹುಲ್ಲಿಗೂ ಅಲ್ಲಿನ ಹುಲ್ಲಿಗೂ ಏನಣ್ಣ ಸಂಬಂಧ?" ಎಂದು ಬಸ್ಸಿನ ಡ್ರೈವರ್ ಪ್ರತಿ ವರ್ಷ ಕೆಣಕುತ್ತಿದ್ದ.

"ಒಂದೇ ಬೀಜ," ಎನ್ನುತ್ತಿದ್ದ ಹುಲ್ಲಣ್ಣ. ಅಷ್ಟೇ ಉತ್ತರ.

ಇಪ್ಪತ್ತೆರಡು ವರ್ಷದಲ್ಲಿ ಹದಿನಾಲ್ಕು ಸಲ ಅವನ ಮಾತು ನಿಜವಾಗಿತ್ತು. ಉಳಿದ ಎಂಟನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ಪೋಸ್ಟ್ ಆಫೀಸಿನಿಂದ ನಿವೃತ್ತರಾದ ಪೋಸ್ಟ್ ಮಾಮ, ಔಷಧಿ ಅಂಗಡಿಯ ಅಕ್ಕ, ಡ್ರೈವರ್, ಇನ್ನೂ ಹತ್ತಾರು ಜನ ಸಂಜೆ ಸಂಜೆ ಶೆಡ್ಡಿನ ಮುಂದೆ ರೋಲರ್ ಹಿಡಿಗೆ ಒರಗಿಕೊಂಡು ವಾದ ಮಾಡುತ್ತಿದ್ದರು. ನಡುವೆ ಹುಲ್ಲಣ್ಣ ಒಂದು ಮಾತು ಹೇಳಿದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಅವನಿಗೆ ಬೇರೆ ಆಸೆ ಇರಲಿಲ್ಲ. ಆ ಸುಮ್ಮನಾಗುವಿಕೆ ಒಂದಿದ್ದರೆ ಸಾಕಾಗಿತ್ತು.

ಅಂಥ ಕಡೆ ಬಂದು ಕೂತವನು ಅವನ ಷಡ್ಡಕ.

ಹೆಂಡತಿಯ ತಂಗಿಯ ಗಂಡ. ರ‍್ಯಾಕೆಟ್ಟಿಗೆ ಗಟ್, ಅಂದರೆ ಬಲೆಯ ತಂತಿ, ಕಟ್ಟುವುದು ಅವನ ಕಸುಬು. ಬೇರೆ ಊರಲ್ಲಿದ್ದವನು ಕ್ಲಬ್ಬಿನ ಗೇಟಿಗೆ ಎದುರಾಗಿ ಅಂಗಡಿ ತೆರೆದ. ಗೋಡೆಗೆ ದೊಡ್ಡ ಟಿವಿ, ಮುಂದೆ ಎಂಟು ಕುರ್ಚಿ. ಗಟ್ ಎಳೆದು ಬಿಗಿದು, ಬೆರಳಿನಿಂದ ಮೀಟಿ, ಕಿವಿಗೆ ಹಿಡಿದು, "ಇದು ಸರಿ ಹೋಯ್ತು" ಎಂದು ನಗುತ್ತಿದ್ದ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಅದಕ್ಕಿಂತ ಜೋರಾಗಿ ಕೆಲಸ ಮಾಡುತ್ತಿತ್ತು. ಒಂದೇ ತಿಂಗಳಲ್ಲಿ ಜನ ಅವನನ್ನು ಗಟ್ ಮೇಷ್ಟ್ರು ಎಂದು ಕರೆಯತೊಡಗಿದರು.

ಮೇಷ್ಟ್ರು! ಇಪ್ಪತ್ತೆರಡು ವರ್ಷ ಬಿಸಿಲಲ್ಲಿ ಬೆನ್ನು ಬಗ್ಗಿಸಿದವನು ಹುಲ್ಲಣ್ಣ, ಮೊನ್ನೆ ಬಂದವನು ಮೇಷ್ಟ್ರು. ಹುಲ್ಲಣ್ಣನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿದ್ದು ಆ ದಿನ.

ಆ ವರ್ಷ ಅಭಿಮಾನಿಗಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮೂವರು ದೊಡ್ಡ ಆಟಗಾರರು, ಮೂವರೂ ಒಬ್ಬರನ್ನೊಬ್ಬರು ಸೋಲಿಸಿ ಬಂದವರು. ಕ್ಲಬ್ಬಿನವರು ಆ ಮೂವರಿಗೂ ತಮ್ಮದೇ ಅಡ್ಡಹೆಸರು ಇಟ್ಟಿದ್ದರು. ಎಡಗೈಯಲ್ಲಿ ಚೆಂಡನ್ನು ನೆಲಕ್ಕೆ ಸವರಿದ ಹಾಗೆ ಆಡುವವನು ಎಡಚ. ಆರೂವರೆ ಅಡಿ ಎತ್ತರದಿಂದ ಬಾರಿಸುವವನು ಲೈಟುಕಂಬ. ಎಲ್ಲಿ ಹೊಡೆದರೂ ವಾಪಸ್ ಕಳಿಸುವವನು ರಬ್ಬರು. ಯಾರು ಗೆಲ್ಲುತ್ತಾರೆ ಎಂಬ ವಾದ ಮೊದಲಿನ ಹಾಗೆ ಶೆಡ್ಡಿನ ಮುಂದೆ ಶುರುವಾಯಿತು. ವಾರ ಕಳೆಯುವುದರೊಳಗೆ ಅದು ರಸ್ತೆ ದಾಟಿ ಮೇಷ್ಟ್ರ ಎಂಟು ಕುರ್ಚಿಗಳ ಮೇಲೆ ಕೂತುಬಿಟ್ಟಿತು.

ಹುಲ್ಲಣ್ಣ ರೋಲರ್ ಎಳೆಯುತ್ತಾ ಬೇಲಿಯ ಸಂದಿಯಿಂದ ನೋಡುತ್ತಿದ್ದ. ನಗು ಕೇಳಿಸುತ್ತಿತ್ತು. ಔಷಧಿ ಅಕ್ಕ ಅಷ್ಟು ಜೋರಾಗಿ ನಗುತ್ತಾರೆಂದು ಅವನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಮನೆಯಲ್ಲೂ ಅದೇ ರಾಗ.

"ತಂಗಿ ಮನೆಯವ್ರು ಎಷ್ಟು ಚೆನ್ನಾಗಿ ಮಾತಾಡ್ತಾರೆ ರೀ," ಎಂದಳು ಹೆಂಡತಿ, ತಟ್ಟೆ ಮುಂದಿಡುತ್ತಾ. "ನಿಮ್ಮಿಂದ ಒಂದು ಮಾತು ಹೊರಡಿಸಬೇಕು ಅಂದ್ರೆ ಬಾವಿಗೆ ಹಗ್ಗ ಬಿಟ್ಟು ಕಾಯ್ಬೇಕು."

"ಹ್ಞೂಂ."

"ನೋಡಿ, ಇದೇ ನಾನು ಹೇಳಿದ್ದು. ಅವ್ರು ಹೇಳ್ತಿದ್ರು, ಈ ಸಲ ಲೈಟುಕಂಬನೇ ಗೆಲ್ಲೋದಂತೆ. ಈಗಿನ ನೆಲ ಗಟ್ಟಿಯಂತೆ, ಚೆಂಡು ಎತ್ತರಕ್ಕೆ ಏಳುತ್ತಂತೆ."

"ನೆಲದ ವಿಷಯ ಅವನಿಗೇನು ಗೊತ್ತು?" ತುತ್ತು ಅಲ್ಲೇ ನಿಂತಿತು. "ಎಡಚನೇ ಗೆಲ್ಲೋದು. ಹೋಗಿ ಹೇಳು ಅವನಿಗೆ."

ಅವಳು ಹೇಳಿದಳು. ತಂಗಿಗೆ ಹೇಳಿದಳು, ತಂಗಿ ಗಂಡನಿಗೆ ಹೇಳಿದಳು, ಗಂಡ ಎಂಟು ಕುರ್ಚಿಗೂ ಹೇಳಿದ. ಭಾನುವಾರದ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: ಹುಲ್ಲಣ್ಣನ ಎಡಚನೋ, ಮೇಷ್ಟ್ರ ಲೈಟುಕಂಬವೋ? ಕೋಲು ಏನು ಹೇಳುತ್ತೆ ನೋಡೋಣ.

ಶುಕ್ರವಾರ ಮಧ್ಯಾಹ್ನ, ಯಾರೂ ಇಲ್ಲದಾಗ, ಹುಲ್ಲಣ್ಣ ಒಬ್ಬನೇ ಕೋಲು ಊರಿ ಚೆಂಡು ಬಿಟ್ಟ. ಅದು ಮಂಡಿ ದಾಟಿತು, ತೊಡೆ ದಾಟಿತು, ಸೊಂಟದ ಕಚ್ಚಿನ ಹತ್ತಿರ ಒಂದು ಕ್ಷಣ ನಿಂತು ಕೆಳಗಿಳಿಯಿತು. ಇನ್ನೊಂದು ಕಡೆ ಬಿಟ್ಟ. ಅಲ್ಲೂ ಸೊಂಟ. ಆ ವರ್ಷದ ಬಿಸಿಲಿಗೆ ನೆಲ ಹಲಗೆಯಾಗಿತ್ತು. ಅವನ ಅಂಗಾಲಿಗೆ ಅದು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಮನಸ್ಸು ಒಪ್ಪಿರಲಿಲ್ಲ, ಅಷ್ಟೇ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಅವನು ಪೈಪು ಎಳೆದುಕೊಂಡು ಅಂಕಣಕ್ಕೆ ಹೋದ. ಪ್ರತಿ ವರ್ಷ ಚೆಂಡು ಬಿಡುವ ಜಾಗ ಗೊತ್ತಿದ್ದದ್ದೇ, ನೆಟ್ಟಿನ ಈಚೆ, ನಡುಗೆರೆಯ ಪಕ್ಕ. ಚಾಪೆ ಹಾಸುವಷ್ಟು ಜಾಗಕ್ಕೆ ಸಣ್ಣಗೆ ನೀರು ಬಿಟ್ಟ. ನೆಲ ಕುಡಿಯಿತು. ಮತ್ತೆ ಬಿಟ್ಟ. ಮೇಲಿನ ಎಸಳುಗಳನ್ನು ಗೋಣಿತಾಟಿನಿಂದ ಒರೆಸಿದ, ಹೊಳೆಯಬಾರದಲ್ಲ. ಹುಲ್ಲಿನ ಕೆಲಸದವನು ಮಾಡಲೇಬಾರದ ಕೆಲಸ ಅದು. ಮಾಡುವಾಗ ಅವನ ಕಣ್ಣ ಮುಂದೆ ಇದ್ದದ್ದು ಹುಲ್ಲಲ್ಲ, ಎಂಟು ಕುರ್ಚಿ.

ಹತ್ತಕ್ಕೆ ಜನ ಸೇರಿದರು. ಮೇಷ್ಟ್ರೂ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದೆಯೇ ನಿಂತಿದ್ದ.

"ಅಣ್ಣಾ, ಇದನ್ನ ನೋಡ್ಬೇಕು ಅಂತ ಎಷ್ಟು ವರ್ಷದಿಂದ ಆಸೆ. ನಿಮ್ಮ ನಾದಿನಿ ಬಾಯಲ್ಲಿ ಬರೀ ಕೇಳಿದ್ದೆ," ಎಂದ.

ಹುಲ್ಲಣ್ಣ ಮುಂದೆ ಬಂದ. ಕೋಲು ಊರಿದ. ಚೆಂಡು ಬಿಟ್ಟ. ಅದು ಬಿದ್ದ ಸದ್ದೇ ಬೇರೆಯಾಗಿತ್ತು, ಹಾಸಿಗೆ ಮೇಲೆ ಬಿದ್ದ ಹಾಗೆ. ಸೋಮಾರಿಯ ಹಾಗೆ ಎದ್ದು ಮಂಡಿಯ ಕಚ್ಚು ಮುಟ್ಟಿ ಕೆಳಗಿಳಿಯಿತು.

"ಮಂಡಿ!" ಎಂದು ಡ್ರೈವರ್ ಕೂಗಿದ. "ಎಡಚ! ಮೇಷ್ಟ್ರೇ, ನಿಮ್ಮ ಲೈಟುಕಂಬಕ್ಕೆ ಕರೆಂಟ್ ಹೋಯ್ತು!"

ಎಲ್ಲರೂ ಹೋ ಎಂದು ನಕ್ಕರು. ಪೋಸ್ಟ್ ಮಾಮ ಹುಲ್ಲಣ್ಣನ ಬೆನ್ನು ತಟ್ಟಿದರು. ಆ ಗದ್ದಲದಲ್ಲಿ ಮೇಷ್ಟ್ರು ಕುಕ್ಕರಗಾಲಲ್ಲಿ ಕೂತು ಚೆಂಡು ಎತ್ತಿಕೊಂಡ. ಇನ್ನೊಂದು ಅಂಗೈಯನ್ನು ಹುಲ್ಲಿನೊಳಗೆ ಒತ್ತಿದ. ಎದ್ದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹುಲ್ಲಣ್ಣನ ಮುಖವನ್ನೇ ಒಂದು ಗಳಿಗೆ ನೋಡಿದ.

"ಅಣ್ಣನ ಮಾತೇ ಮಾತು. ನಾನು ಸೋತೆ," ಎಂದು ಚೆಂಡು ಕೊಟ್ಟ.

ಬೈದಿದ್ದರೆ ಹುಲ್ಲಣ್ಣನಿಗೆ ಅಷ್ಟು ಉರಿಯುತ್ತಿರಲಿಲ್ಲ. ನೆಲ ಒದ್ದೆ ಎಂದು ಎಲ್ಲರೆದುರು ಹೇಳಿದ್ದರೂ ತಡೆದುಕೊಳ್ಳುತ್ತಿದ್ದ. ಈ ಮನುಷ್ಯ ದೊಡ್ಡವನಾಗಿಬಿಟ್ಟ! ಮಾತು ಅವನದು, ಜನ ಅವನದು, ಈಗ ದೊಡ್ಡತನವೂ ಅವನದೇ. ಭಾನುವಾರ ಪೂರ್ತಿ ಹುಲ್ಲಣ್ಣ ಗೆದ್ದವನ ಹಾಗೆ ಓಡಾಡಿದ. ಹೆಂಡತಿ ಖುಷಿಯಿಂದ ಎರಡು ಸಲ ಬಡಿಸಿದಳು. ಅವನು ಅರ್ಧ ಊಟಕ್ಕೇ ಎದ್ದ.

ಸೋಮವಾರ ಸಂಜೆ ಮೊದಲ ಪಂದ್ಯ. ಎಡಚ ಆಡುವವನಿದ್ದ. ಡ್ರೈವರ್ ಬಂದು ಹುಲ್ಲಣ್ಣನ ಕೈ ಹಿಡಿದು ರಸ್ತೆ ದಾಟಿಸಿದ. ಷಡ್ಡಕನ ಅಂಗಡಿಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಮೇಷ್ಟ್ರು ಎದ್ದು ನಿಂತು ಮುಂದಿನ ಸಾಲಿನ ನಡುವಿನ ಕುರ್ಚಿಯನ್ನು ತಾನೇ ಒರೆಸಿದ.

"ಅಣ್ಣಾ, ಇಲ್ಲಿ ಕೂತ್ಕೊಳ್ಳಿ. ಇದು ನಿಮ್ಮದೇ."

ಕೂತ. ಕುರ್ಚಿ ಮುಳ್ಳಾಯಿತು.

ಪಂದ್ಯ ಶುರುವಾಯಿತು. ಎಡಚ ಎಷ್ಟು ಸವರಿದರೂ ಚೆಂಡು ಕೆಳಗೆ ಉಳಿಯಲೊಲ್ಲದು. ನೆಲ ಮುಟ್ಟಿದ್ದೇ ತಡ ಸೊಂಟದ ಮೇಲಕ್ಕೆ ಏಳುತ್ತಿತ್ತು. ಎದುರಾಳಿ ಹೆಸರೇ ಕೇಳದವನು, ಅವನೂ ಸಲೀಸಾಗಿ ಬಾರಿಸುತ್ತಿದ್ದ. ಒಬ್ಬೊಬ್ಬರಾಗಿ ತಲೆಗಳು ಹುಲ್ಲಣ್ಣನ ಕಡೆ ತಿರುಗಿದವು.

"ಏನು ಹುಲ್ಲಣ್ಣ, ನಿಮ್ಮ ಮಂಡಿ ಎಲ್ಲಿ ಹೋಯ್ತು?" ಎಂದರು ಔಷಧಿ ಅಕ್ಕ.

ಅವನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಎದ್ದ. "ಇನ್ನೂ ಮೊದಲ ದಿನ ಅಕ್ಕಾ. ಹುಲ್ಲು ಪಳಗೋಕೆ ಟೈಮ್ ಬೇಕು. ಅಣ್ಣ ಹೇಳಿದ್ದು ತಪ್ಪಾಗಲ್ಲ, ನೋಡ್ತಿರಿ."

ಹುಲ್ಲಣ್ಣನಿಗೆ ತಡೆಯಲಾಗಲಿಲ್ಲ. ನನ್ನ ಪರವಾಗಿ ಸುಳ್ಳು ಹೇಳುವುದಕ್ಕೂ ಇವನೇ ಬೇಕೇ?

"ನೀರು ಬಿಟ್ಟಿದ್ದೆ," ಎಂದ.

"ಏನಂದ್ರಿ?" ಎಂದರು ಅಕ್ಕ.

"ನಿನ್ನೆ ಬೆಳಿಗ್ಗೆ. ಚೆಂಡು ಬೀಳೋ ಜಾಗಕ್ಕೆ ನೀರು ಬಿಟ್ಟಿದ್ದೆ. ಅದಕ್ಕೇ ಮಂಡಿ. ಇವನಿಗೆ ಗೊತ್ತಿತ್ತು. ಹೇಳ್ಲಿಲ್ಲ."

ಟಿವಿಯಲ್ಲಿ ಮಾತ್ರ ಜನ ಚಪ್ಪಾಳೆ ತಟ್ಟುತ್ತಿದ್ದರು. ಪೋಸ್ಟ್ ಮಾಮ ಕನ್ನಡಕ ತೆಗೆದರು.

"ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಲ ಬಿಟ್ಟಿದ್ದೀಯೋ?"

ಆ ಮಾತು ಚೂರಿ ಇರಿದ ಹಾಗಾಯಿತು. ಭಾನುವಾರ ಬೆಳಿಗ್ಗೆ ಪೈಪು ಹಿಡಿದಾಗ ಅವನಿಗೆ ಇದೊಂದು ಹೊಳೆದಿರಲಿಲ್ಲ. ಒಂದು ಚಾಪೆಯಷ್ಟು ಜಾಗಕ್ಕೆ ಬಿಟ್ಟ ನೀರು ಹಿಂದಿನ ಇಪ್ಪತ್ತೆರಡು ವರ್ಷವನ್ನೂ ನೆನೆಸಿಬಿಡುತ್ತದೆ ಎಂದು.

"ಇದೊಂದೇ ಸಲ ಮಾಮ."

"ನಂಬೋದು ಹೇಗೆ?"

ಹುಲ್ಲಣ್ಣ ಎದ್ದ. "ಬನ್ನಿ. ಇನ್ನೂ ಬೆಳಕಿದೆ. ನೆಲ ನೀವೇ ಮುಟ್ಟಿ ನೋಡಿ. ಜಾಗ ನೀವೇ ತೋರಿಸಿ. ಬಿಡ್ತೀನಿ."

ಪಂದ್ಯ ನಡೆಯುತ್ತಿದ್ದ ಹಾಗೇ ಎಂಟು ಕುರ್ಚಿಯೂ ಖಾಲಿಯಾದವು. ಒಂದು ತಿಂಗಳಿಂದ ಹುಲ್ಲಣ್ಣ ಬೇಡಿಕೊಂಡಿದ್ದೇ ಅದು. ಆದರೆ ಈಗ ತಿರುಗಿ ನೋಡುವ ಮನಸ್ಸಿರಲಿಲ್ಲ.

ಅಂಕಣದ ಮೇಲೆ ಎಲ್ಲರೂ ಚಪ್ಪಲಿ ಬಿಟ್ಟು ಬಂದರು. ಈಚೆಯ ಒದ್ದೆ ಜಾಗದಲ್ಲಿ ನಿನ್ನೆಯ ಹಿಮ್ಮಡಿ ಗುರುತುಗಳು ಕುಳಿಬಿದ್ದು ಹುಲ್ಲು ನೆಲಕ್ಕಂಟಿತ್ತು. ಔಷಧಿ ಅಕ್ಕ ಅದನ್ನು ನೋಡಿ ಲೊಚಗುಟ್ಟಿದರು. ನೆಟ್ಟಿನ ಆಚೆ ಹೋಗಿ ಒಬ್ಬೊಬ್ಬರೂ ಮಂಡಿಯೂರಿ ಅಂಗೈ ಒತ್ತಿದರು. ಪೋಸ್ಟ್ ಮಾಮ ಬೆರಳು ತೂರಿಸಿ ಮೂಸಿಯೂ ನೋಡಿದರು.

"ಒಣಗಿದೆ," ಎಂದರು. "ಇಲ್ಲಿ ಬಿಡು. ಇಲ್ಲೇ, ನನ್ನ ಕಾಲ ಪಕ್ಕ."

ಚೆಂಡು ಬಿತ್ತು. ಟಕ್ ಎಂದು ಸದ್ದು. ಮಂಡಿ, ತೊಡೆ, ಸೊಂಟ. ಮೂರನೇ ಕಚ್ಚಿನಲ್ಲಿ ಒಂದು ಕ್ಷಣ ನಿಂತಿತು.

ಹೇಳಬೇಕಾದವನು ಅವನೇ.

"ಸೊಂಟ," ಎಂದ. "ಎಡಚ ಅಲ್ಲ. ಲೈಟುಕಂಬದ ವರ್ಷ."

ಮಾಮ ಇನ್ನೆರಡು ಕಡೆ ಬಿಡಿಸಿದರು. ಎರಡೂ ಸೊಂಟ. ಮೂರನೆಯದಾದ ಮೇಲೆ ಕನ್ನಡಕ ಹಾಕಿಕೊಂಡರು.

"ಸರಿ ಬಿಡು. ತನ್ನ ಬಾಯಲ್ಲೇ ತನ್ನ ಎಡಚನ್ನ ಸೋಲಿಸಿದ. ಇನ್ನೇನು ಕೇಳೋದಿದೆ?"

"ಹುಲ್ಲಣ್ಣನೇ ಹೇಳಿದ ಮೇಲೆ ಮುಗೀತು," ಎಂದರು ಔಷಧಿ ಅಕ್ಕ. "ಈ ಸಲ ಲೈಟುಕಂಬನೇ."

"ನಾನು ಒಂದು ತಿಂಗಳಿಂದ ಅದನ್ನೇ ಬಡ್ಕೋತಿದ್ದೀನಲ್ಲ ಅಕ್ಕಾ?" ಎಂದ ಮೇಷ್ಟ್ರು.

"ನೀವು ಹೇಳಿದ್ದು ಬಾಯಿ ಮಾತು ಮೇಷ್ಟ್ರೇ," ಎಂದ ಡ್ರೈವರ್. "ಇದು ಕೋಲು ಹೇಳಿದ್ದು."

ಮೇಷ್ಟ್ರು ನಗಲು ನೋಡಿದ. ನಗು ತುಟಿಯವರೆಗೆ ಬಂದು ನಿಂತಿತು. ದವಡೆ ಬಿಗಿಯಿತು, ಕಣ್ಣು ಕೋಲಿನ ಮೇಲೇ ನೆಟ್ಟಿತು. ಆ ಮುಖ ಹುಲ್ಲಣ್ಣನಿಗೆ ಚೆನ್ನಾಗಿ ಪರಿಚಯ. ಒಂದು ತಿಂಗಳಿಂದ ಗಡ್ಡ ಹೆರೆಯುವಾಗ ದಿನವೂ ಕನ್ನಡಿಯಲ್ಲಿ ಕಂಡಿದ್ದ. ಹೊಟ್ಟೆಯ ಉರಿ ಅಲ್ಲೇ ಸ್ವಲ್ಪ ಇಳಿದ ಹಾಗಾಯಿತು. ಪೂರ್ತಿ ಏನಲ್ಲ.

ಜನ ಅಂಗಡಿಯ ಕಡೆ ಹೊರಟರು. ಮೇಷ್ಟ್ರು ಹಿಂದೆ ಉಳಿದ.

"ಅಣ್ಣಾ, ಮುಂದಿನ ವರ್ಷ ಒಂದೇ ಒಂದು ಸಲ ನಾನು ಬಿಡ್ಲಾ ಚೆಂಡು?"

ಹುಲ್ಲಣ್ಣ ಯೋಚಿಸಿದ. ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ಚೆಂಡು. ಎರಡನ್ನೂ ನೋಡಿದ.

"ಕೋಲು ಹಿಡ್ಕೊ," ಎಂದ. "ಚೆಂಡು ನಾನೇ ಬಿಡ್ತೀನಿ."