ಹೆಗಲ ಮೇಲಿನ ಕೈ

ಮಗ್ಗದಜ್ಜಿಗೆ ಕಿವಿ ಕೇಳಿಸುವುದಿಲ್ಲ. ಹುಟ್ಟಿನಿಂದ ಬಂದದ್ದಲ್ಲ, ಬಟ್ಟೆ ಮಿಲ್ಲು ತಿಂದ ಕಿವಿ. ಚಿಕ್ಕ ಹುಡುಗಿಯಾಗಿ ಮಗ್ಗಗಳ ಸಾಲಿಗೆ ಹೋಗಿ ನಿಂತವಳು ತಲೆ ನರೆತ ಮೇಲೆ ಹೊರಗೆ ಬಂದಳು, ಕಿವಿಯನ್ನು ಮಾತ್ರ ಅಲ್ಲೇ ಬಿಟ್ಟು ಬಂದಳು. "ಒಳ್ಳೇದೇ ಆಯ್ತು ಬಿಡಿ, ಬೈದ್ರೂ ಒಂದೇ, ಹೊಗಳಿದ್ರೂ ಒಂದೇ" ಎಂದು ನಗುತ್ತಾಳೆ. ಶುದ್ಧ ಸುಳ್ಳು! ಅವಳೆದುರು ನಿಂತು ಮೆಲ್ಲಗೆ ಬೈದು ನೋಡಿ, ಎರಡರಷ್ಟು ವಾಪಸು ಬರುತ್ತದೆ. ಆ ಗದ್ದಲದಲ್ಲಿ ಮಿಲ್ಲಿನ ಹೆಂಗಸರು ಮಾತಾಡುತ್ತಿದ್ದದ್ದೇ ತುಟಿಯಲ್ಲಿ. ಅತ್ತೆಯ ಮೇಲಿನ ದೂರು, ಮೇಸ್ತ್ರಿಯ ಮೀಸೆಯ ಮೇಲಿನ ಹಾಸ್ಯ, ಎಲ್ಲವೂ ಒಂದಿಷ್ಟೂ ದನಿಯಿಲ್ಲದೆ ಸಾಲಿನ ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು.

ಒಂದು ಸುದ್ದಿಯನ್ನು ಮಾತ್ರ ಯಾರೂ ತುಟಿಯಲ್ಲಿ ದಾಟಿಸುತ್ತಿರಲಿಲ್ಲ, ಸಾವಿನ ಸುದ್ದಿ. ಸಂಬಂಧಪಟ್ಟವಳಿಗಿಂತ ಮೊದಲೇ ಸಾಲಿಗೆ ಸಾಲೇ ಓದಿಬಿಡುತ್ತಿತ್ತಲ್ಲ! ಅದಕ್ಕೆ ಹತ್ತಿರ ಹೋಗಿ ಹಿಂದಿನಿಂದ ಹೆಗಲ ಮೇಲೆ ಕೈಯಿಡುತ್ತಿದ್ದರು. ಕೈ ಬಿತ್ತೆಂದರೆ ಮಗ್ಗ ನಿಲ್ಲಿಸಿ ಮನೆಗೆ ಓಡಬೇಕು. ಹೀಗಾಗಿ ಮಿಲ್ಲಿನವರ ಮನೆಗಳಲ್ಲಿ ಪ್ರೀತಿಗೂ ಯಾರೂ ಯಾರ ಹೆಗಲನ್ನೂ ಮುಟ್ಟುತ್ತಿರಲಿಲ್ಲ. ಅಜ್ಜಿಯ ಮಗಳು ಆ ಮನೆಗಳಲ್ಲೇ ಬೆಳೆದವಳು. ಮುಂದೆ ಅವಳ ಗಂಡ ಲಾರಿಯಡಿ ಸಿಕ್ಕಿ ಹೋದ ದಿನ, ಬಾಗಿಲಿಗೆ ಬಂದ ನೆರೆಯವಳು ಬಾಯಿ ಬಿಡಲಿಲ್ಲ. ಹೆಗಲ ಮೇಲೆ ಕೈಯಿಟ್ಟಳು, ಅಷ್ಟೇ.

ಆ ಮಗಳ ಮಗಳು ಗುಬ್ಬಿ. ಆರು ವರ್ಷ. ಯಾವುದೋ ಕೆಟ್ಟ ಜ್ವರ ಬಂದು ಗಂಟಲೊಳಗೆ ಉಸಿರಿನ ದಾರಿ ಮುಚ್ಚಿಕೊಂಡು, ಕುತ್ತಿಗೆಯಲ್ಲಿ ರಂಧ್ರ ಮಾಡಿ ಕೊಳವೆ ಕೂರಿಸಿದ್ದಾರೆ. ಉಸಿರು ಅಲ್ಲಿಂದಲೇ ಬರುವುದು, ಅಲ್ಲಿಂದಲೇ ಹೋಗುವುದು. ಬಾಯಿಗೆ ದನಿ ಮುಟ್ಟುವುದಿಲ್ಲ. ಕೊಳವೆಯಲ್ಲಿ ಕಫ ಕಟ್ಟಿದರೆ ಗುರುಗುರು ಎನ್ನುತ್ತದೆ. ಆಗ ತಕ್ಷಣ ಸಣ್ಣ ನಳಿಗೆ ಇಳಿಸಿ ಯಂತ್ರದಿಂದ ಎಳೆಯಬೇಕು. ಹೆಚ್ಚು ಆಳಕ್ಕೆ ಹೋದರೆ ರಕ್ತ, ತಡವಾದರೆ ಮಗುವೇ ಇಲ್ಲ. ಆಸ್ಪತ್ರೆಯಲ್ಲಿ ಈ ಕೆಲಸವನ್ನು ತಾಯಿಗೆ ಕಲಿಸಿದರು. ಅಜ್ಜಿಯೂ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಸದ್ದು ಕೇಳಿಸಿಕೊಂಡೇ ಮಾಡಬೇಕಾದ್ದು ಅಜ್ಜಿ. ನಿಮಗೆ ಕಲಿಸೋ ಹಾಗಿಲ್ಲ, ಬೇಜಾರು ಮಾಡ್ಕೋಬೇಡಿ" ಎಂದರು.

"ಮನೆಗೆ ದಿನಾ ನರ್ಸ್ ಬರ್ತಾರೆ" ಎಂದೂ ಹೇಳಿ ಕಳಿಸಿದ್ದರು. ಅದನ್ನು ನಂಬಿ ತಾಯಿ ಕಿಟಕಿಯ ಪಕ್ಕ ಒರಗುವ ಕುರ್ಚಿಯೊಂದನ್ನು ತಂದಿಟ್ಟಳು, ಅದರ ಮೇಲೆ ಮೆತ್ತೆ ಹಾಕಿದಳು. ಒಬ್ಬಾಕೆ ಬಂದಳು, ಒಳ್ಳೆಯ ಹುಡುಗಿ, ಗುಬ್ಬಿಗೆ ಜಡೆ ಹಾಕುತ್ತಿದ್ದಳು. ಅವಳನ್ನು ಬೇರೆಲ್ಲಿಗೋ ಹಾಕಿದರು. ಆಮೇಲೆ ಫೋನಿನಲ್ಲಿ ಒಂದೇ ರಾಗ: "ನಿಮ್ಮ ಮಗೂಗೆ ಮಂಜೂರಾಗಿದೆಯಮ್ಮಾ, ಕಳಿಸೋಕೆ ಜನ ಇಲ್ಲ." ಮಂಜೂರಾದದ್ದನ್ನು ಕೊಳವೆಗೆ ಇಳಿಸಲಾಗುತ್ತದೆಯೇ? ತಾಯಿ ಕೆಲಸ ಬಿಟ್ಟಳು, ನಿದ್ದೆಯನ್ನೂ ಬಿಟ್ಟಳು. ಬಟ್ಟೆ ಒಗೆಯುವಾಗಲೂ ನಲ್ಲಿ ನಿಲ್ಲಿಸಿ ಕಿವಿಗೊಡುತ್ತಿದ್ದಳು. ಎಷ್ಟೋ ಸಲ ಇಲ್ಲದ ಗುರುಗುರು ಕೇಳಿಸಿ, ಸೋಪಿನ ಕೈಯಲ್ಲೇ ಓಡಿ ಬರುತ್ತಿದ್ದಳು.

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬಂತಾಯಿತು ಆ ಮನೆ. ಕೊಳವೆಯ ಸದ್ದು ತಾಯಿಗೆ ಕೇಳಿಸುತ್ತದೆ, ಮಗುವಿನ ಮಾತು ತಿಳಿಯುವುದಿಲ್ಲ. ಅಜ್ಜಿಗೆ ಸದ್ದು ಕೇಳಿಸುವುದಿಲ್ಲ, ಆದರೆ ಗುಬ್ಬಿಯ ತುಟಿ ಅಲುಗಿದರೆ ಸಾಕು, ಪೂರ್ತಿ ಓದುತ್ತಾಳೆ. "ಏನಂತಾಳಮ್ಮ?" ಎಂದು ಮಗಳು ಕೇಳುವುದು, ಅಜ್ಜಿ ಒಂದಕ್ಷರ ಬಿಡದೆ ಹೇಳುವುದು. "ನೀನು ಹಾಡಿದ್ರೆ ಕಾಗೆ ಹೆದರತ್ತಂತೆ" ಎಂಬುದನ್ನೂ ಮುಚ್ಚಿಡದೆ ಹೇಳಿದ್ದಳು. ಆಗ ಮೂವರೂ ನಕ್ಕದ್ದುಂಟು.

ಅಂದು ಮಧ್ಯಾಹ್ನ ಹೊಸ ನರ್ಸ್ ಬರುತ್ತಾಳೆಂದು ಫೋನು ಬಂದಿತ್ತು. ತಾಯಿ ಮನೆ ಗುಡಿಸಿ, ಮೆತ್ತೆ ಕೊಡವಿ, ಬರುವವರೆಗೆ ಒಂದು ಗಳಿಗೆ ಎಂದು ಅದೇ ಕುರ್ಚಿಯಲ್ಲಿ ಕೂತಳು. ಕಾಲನ್ನು ಮಡಚಿ ಕಂಬಳಿಯೊಳಗೆ ಎಳೆದುಕೊಂಡಳು, ಹಾಗೇ ಸತ್ತಂತೆ ನಿದ್ದೆಹೋದಳು. ಅಜ್ಜಿ ಮಂಚದ ಬಳಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು, ಅಂಗೈ ಗುಬ್ಬಿಯ ಎದೆಯ ಮೇಲೆ. ಸ್ವಲ್ಪ ಹೊತ್ತಿಗೆ ಅಂಗೈಯಡಿ ಕಫ ಕಟ್ಟಿದ ಸಣ್ಣ ನಡುಕ ಹತ್ತಿತು.

"ಎಬ್ಬಿಸ್ಲಾ?" ಎಂದಳು ಅಜ್ಜಿ.

ಗುಬ್ಬಿಯ ತುಟಿ ಅಲುಗಿತು. "ಬೇಡ ಅಜ್ಜಿ. ಅಮ್ಮ ಮಲಗ್ಲಿ. ನಾನು ತಡ್ಕೋತೀನಿ."

ಅಜ್ಜಿ ಮಲಗಿದ ಮಗಳತ್ತ ನೋಡಿದಳು. ಇನ್ನೇನು ನರ್ಸ್ ಬಂದೇ ಬಿಡುತ್ತಾಳೆ, ಅಲ್ಲಿಯವರೆಗೆ ಆ ಬಡಪಾಯಿ ನಿದ್ದೆ ಮಾಡಲಿ ಅನ್ನಿಸಿತು. ಎದ್ದು ಬಾಗಿಲಿಗೆ ಹೋಗಿ ಬೀದಿಯ ಉದ್ದಕ್ಕೂ ನೋಡಿದಳು. ಒಬ್ಬ ಸೈಕಲ್ ಸವಾರ, ಒಂದು ನಾಯಿ. ತಿರುಗಿ ಬರುವಷ್ಟರಲ್ಲಿ ಗುಬ್ಬಿಯ ತುಟಿ ನೀಲಿಗಟ್ಟಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು.

ಮಗಳನ್ನು ಎಬ್ಬಿಸುವಾಗ ಅಜ್ಜಿ ಯಾವತ್ತೂ ಕಾಲಿನ ಹೆಬ್ಬೆರಳು ಎಳೆಯುವವಳು. ಅಂದು ಕಾಲು ಕಂಬಳಿಯೊಳಗಿತ್ತು. ಗಾಬರಿಯಲ್ಲಿ ಕುರ್ಚಿಯ ಹಿಂದಿನಿಂದ ಕೈ ಚಾಚಿ ಹೆಗಲು ಹಿಡಿದುಬಿಟ್ಟಳು.

ಮಗಳು ಕಣ್ಣು ಬಿಟ್ಟಳು. ಹೆಗಲ ಮೇಲಿನ ಕೈ ನೋಡಿದಳು. ಮಂಚದತ್ತ ತಿರುಗಲೇ ಇಲ್ಲ. ಬಾಯಿ ತೆರೆದು, ಅಜ್ಜಿಗೆ ಕೇಳಿಸದ ಏನನ್ನೋ ಕೂಗುತ್ತ ನೆಲಕ್ಕೆ ಕುಸಿದು ಹಣೆ ಚಚ್ಚಿಕೊಳ್ಳತೊಡಗಿದಳು. ಅಯ್ಯೋ, ಇನ್ನೂ ಜೀವವಿದ್ದ ಮಗುವಿಗಾಗಿ ಅಲ್ಲೇ ಸಾವಿನ ಅಳು ಶುರುವಾಗಿಹೋಗಿತ್ತು!

"ಹೋಗಿಲ್ಲ ಕಣೇ! ಇದ್ದಾಳೆ! ಏಳೇ ಮುಂಡೇದೇ, ಇದ್ದಾಳೆ!" ಅಜ್ಜಿ ಜುಟ್ಟು ಹಿಡಿದು ಎಳೆದಳು, ಕೆನ್ನೆಗೆ ಬಾರಿಸಿದಳು. ಹೊಡೆತಕ್ಕೆ ಮಗಳು ತಿರುಗಿ ನೋಡಿದಳು. ಆಮೇಲೆ ಕೈ ತಾನಾಗಿ ಕೆಲಸ ಹಿಡಿಯಿತು. ಯಂತ್ರ, ನಳಿಗೆ, ಒಂದು ಸಲ, ಇನ್ನೊಂದು ಸಲ. ಗುಬ್ಬಿಯ ಎದೆ ಎದ್ದಿತು, ಇಳಿಯಿತು. ಎಷ್ಟೋ ಹೊತ್ತಿನ ಮೇಲೆ ತುಟಿಗೆ ಬಣ್ಣ ಬಂತು.

ನರ್ಸ್ ಬರಲಿಲ್ಲ. ಅಂದೂ ಇಲ್ಲ, ಮಾರನೆಯ ದಿನವೂ ಇಲ್ಲ.

ಅಂದು ಸಂಜೆಯ ಹೊತ್ತಿಗೆ ಗುಬ್ಬಿ ಅಜ್ಜಿಯನ್ನೇ ನೋಡುತ್ತ ತುಟಿ ಅಲುಗಿಸಿದಳು. "ಎಬ್ಬಿಸಬೇಡ ಅಂದಿದ್ನಲ್ಲ. ಅಮ್ಮ ಎಷ್ಟು ಅತ್ಲು ನೋಡು."

"ಏನಂತಾಳಮ್ಮ?" ಮಗಳ ಹಣೆ ಬುಗುಟೆದ್ದಿತ್ತು.

ಅಜ್ಜಿ ಆ ಹಣೆಯನ್ನು ನೋಡಿದಳು. ಹೇಳಿದರೆ ಇವಳು ಇನ್ನು ಕಣ್ಣು ಮುಚ್ಚಿಯಾಳೇ? ಈಗಲೇ ಅರ್ಧ ಹುಚ್ಚಿಯಾಗಿದ್ದಾಳೆ. "ಹಾಲು ಬೇಕಂತೆ" ಎಂದಳು.

ಮಗಳ ಮುಖ ಅರಳಿತು. ಹಾಲು ಬಿಸಿ ಮಾಡಲು ಓಡಿದಳು. ಗುಬ್ಬಿಯ ಕಿವಿಗೇನು ಧಾಡಿ, ಸುಳ್ಳು ಸರಿಯಾಗೇ ಕೇಳಿಸಿತ್ತು. ಅಜ್ಜಿಯನ್ನು ನೋಡಿ ನಿಧಾನಕ್ಕೆ ನಕ್ಕಳು. ತನ್ನ ಗುಟ್ಟಿಗೆ ಜೊತೆ ಸಿಕ್ಕಿತೆಂಬ ನಗು. ಆ ನಗು ಕಂಡು ಅಜ್ಜಿ ಮತ್ತೆ ಅಂಗೈಯನ್ನು ಅವಳ ಎದೆಯ ಮೇಲಿಟ್ಟಳು.

ಈಗ ಅಜ್ಜಿ ಮಂಚ ಬಿಟ್ಟು ಕದಲುವುದಿಲ್ಲ, ಬಾಗಿಲಿಗಂತೂ ಹೋಗುವುದೇ ಇಲ್ಲ. ಮಗಳ ಕಾಲಿನ ಮೇಲೆ ಕಂಬಳಿ ಹೊದೆಯಗೊಡುವುದಿಲ್ಲ. "ಸತ್ಯ ಹೇಳ್ಬಿಡೋಣ" ಎಂದು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಾಳೆ, ಮಗಳ ಕಣ್ಣಿನ ಸುತ್ತಲಿನ ಕಪ್ಪು ನೋಡಿ ನುಂಗಿಕೊಳ್ಳುತ್ತಾಳೆ. ಮಧ್ಯಾಹ್ನ ಆ ಕುರ್ಚಿಯಲ್ಲಿ ಮಗಳು ತೂಕಡಿಸತೊಡಗಿದರೆ, ಗುಬ್ಬಿ ಅಜ್ಜಿಯತ್ತ ತಿರುಗಿ ತುಟಿಯ ಮೇಲೆ ಬೆರಳಿಡುತ್ತಾಳೆ.